ಶಹಬ್ಬಾಸ್ ಅನ್ನುವ ಮುಂದಾಳು

ಹೆಬ್ಬಾತುಗಳ ಸಾಲಿಗೆ ಹಾರಾಟ ಕಲಿಸುತ್ತಿದ್ದ ಮುಂದಾಳು, ಪಾಠದ ದಿನ ಬೇಕೆಂದೇ ಕೆರೆಯಾಚೆಯ ಕರೆಂಟು ತಂತಿಯತ್ತ ನುಗ್ಗುತ್ತಿತ್ತು. ಹಿಂದಿನವರು "ಮುಂದೆ ತಂತಿ" ಎಂದು ಎಚ್ಚರಿಸಬೇಕು. ಎಚ್ಚರಿಸಿದವರಿಗೆ ಶಹಬ್ಬಾಸ್ ಹೇಳಿ ಅದು ಪಕ್ಕಕ್ಕೆ ತಿರುಗುತ್ತಿತ್ತು.

ಪಾಠವಿಲ್ಲದ ಒಂದು ಬೆಳಗ್ಗೆ ಮಂಜು ದಟ್ಟವಾಗಿ ಕವಿದಿತ್ತು. ಮುಂದಾಳು ದಾರಿ ತಪ್ಪಿತ್ತು. ತಪ್ಪಿದ್ದು ಅದಕ್ಕೇ ತಿಳಿದಿರಲಿಲ್ಲ.

"ಹಿರಿಯರೇ, ಮುಂದೆ ತಂತಿ," ಎಂದಿತು ಬಲಗಡೆಯ ಹೆಬ್ಬಾತು.

"ಶಹಬ್ಬಾಸ್. ಪಾಠವಿಲ್ಲದ ದಿನವೂ ನೀನು ಅಭ್ಯಾಸ ಬಿಟ್ಟಿಲ್ಲ," ಎಂದಿತು ಮುಂದಾಳು.

"ಅಭ್ಯಾಸವಲ್ಲ ಹಿರಿಯರೇ. ಮಂಜಿನ ಸಂದಿಯಲ್ಲಿ ತಂತಿ ನನಗೆ ಕಾಣುತ್ತಿದೆ."

"ದನಿಯೂ ನಿನ್ನೆಗಿಂತ ಗಟ್ಟಿಯಾಗಿದೆ. ಶಹಬ್ಬಾಸ್."

ಇಷ್ಟು ಮೆಚ್ಚಿದ ಮುಂದಾಳು ಯಾಕೆ ತಿರುಗುತ್ತಿಲ್ಲ ಎಂದು ಸಾಲಿಗೆ ಸಾಲೇ ಗಲಿಬಿಲಿಗೊಂಡಿತು. ಇದೂ ಹೊಸದೊಂದು ಪಾಠವಿರಬೇಕು ಎಂದುಕೊಂಡು ಹಿಂದೆಯೇ ಹಾರಿತು.

ತಂತಿಗೆ ಬಡಿದು ಕೆರೆಯಂಚಿನ ಕೆಸರಿಗೆ ಬಿದ್ದ ಮುಂದಾಳು ಮುರಿದ ರೆಕ್ಕೆಯನ್ನು ಎಳೆದುಕೊಳ್ಳುತ್ತ ಕೇಳಿತು: "ತಂತಿ ಕಾಣುತ್ತಿದ್ದರೂ ನನ್ನ ಹಿಂದೆ ಯಾಕೆ ಬಂದಿರಿ?"

ಪಕ್ಕದಲ್ಲೇ ಬಿದ್ದಿದ್ದ ಹೆಬ್ಬಾತು ಹೇಳಿತು: "ತಾವು ಶಹಬ್ಬಾಸ್ ಅಂದಿರಿ. ಕೇಳಿಸಿಕೊಂಡಿರಿ ಅಂದುಕೊಂಡೆವು."