ನಲವತ್ತು ಮಾರಿನ ಹಗ್ಗ

"ಗುರುಗಳೇ, ಮೂಲವೇ ಇಲ್ಲದ ವರ್ಗ ಸಮೀಕರಣ ಕೊಟ್ಟು ಮೂರು ದಿನ ನನ್ನನ್ನು ಗೋಳು ಹುಯ್ದುಕೊಂಡಿರಲ್ಲ, ಇದು ನ್ಯಾಯವೇ?"

ನೇಮಣ್ಣ ಸಿಟ್ಟಿನಿಂದಲೇ ಕೇಳಿದ. ಕೂಡಿದರೆ ಇಪ್ಪತ್ತು, ಗುಣಿಸಿದರೆ ನೂರಮೂವತ್ತು ಆಗುವ ಎರಡು ಸಂಖ್ಯೆ ಹುಡುಕಬೇಕಿತ್ತು. ಹಲಗೆ ಸವೆಯುವಷ್ಟು ಬರೆದು ಅಳಿಸಿದ್ದ. ಅಂಥ ಸಂಖ್ಯೆಗಳೇ ಇಲ್ಲವೆಂದು ಮೂರನೆಯ ಸಂಜೆ ಹೊಳೆದಿತ್ತು. ಮರುದಿನ ಅವನು ಅರಮನೆಯ ಭೂಮಾಪಕನಾಗಿ ಹೊರಡಬೇಕು. ಹೊರಡುವ ಹೊತ್ತಿನಲ್ಲಿ ಹೀಗೆ ಪೆಚ್ಚು ಮಾಡಿದರೆ ಯಾರಿಗೆ ತಾನೆ ಮೈ ಉರಿಯುವುದಿಲ್ಲ?

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಜಮೀನುದಾರನಿದ್ದ. ಅವನ ಹೊಲ ಉಳುವವನು ಪ್ರತಿವರ್ಷ ಜಮೀನುದಾರನ ಮನೆತನದ ನಲವತ್ತು ಮಾರಿನ ಹಗ್ಗದಿಂದಲೇ ನಾಲ್ಕು ನೇರ ಮೂಲೆಗೆ ಗೂಟ ಹೊಡೆದು ಹೊಲ ಸುತ್ತಬೇಕು. ಹಗ್ಗಕ್ಕೆ ಒಂದು ಗೇಣೂ ಸೇರಿಸುವಂತಿಲ್ಲ. ಮೊದಲ ವರ್ಷ ಜಮೀನುದಾರ ಹಗ್ಗದೊಳಗೆ ತೊಂಬತ್ತಾರು ಚದರ ಮಾರು ನೆಲ ಬರಬೇಕೆಂದ. ರೈತ ಹನ್ನೆರಡಕ್ಕೆ ಎಂಟು ಸುತ್ತಿದ. ಮರುವರ್ಷ ನೂರು ಎಂದ. ಹತ್ತಕ್ಕೆ ಹತ್ತು, ಅದೊಂದೇ ದಾರಿ, ಅದೂ ಆಯಿತು. ಆಸೆಬುರುಕನಿಗೆ ಅಷ್ಟಕ್ಕೆ ತೃಪ್ತಿಯೇ? ಮೂರನೆಯ ವರ್ಷ ನೂರಮೂವತ್ತು ಎಂದ. ಆಗದಿದ್ದರೆ ಹೊಲ ಬಿಟ್ಟು ನಡೆ ಎಂದ.

ರೈತ ಬಿತ್ತನೆ ಬಿಟ್ಟು ಗೂಟ ಕೀಳುತ್ತ, ನೆಡುತ್ತ ಕುಳಿತ. ಉದ್ದ ಎಳೆದರೆ ಅಗಲ ಕುಗ್ಗಿತು. ತಪ್ಪು ತನ್ನ ಕೈಯದೇ ಎಂದು ಹಣೆ ಚಚ್ಚಿಕೊಂಡ. ಕೊನೆಗೆ ಅರಮನೆಯ ಭೂಮಾಪಕನ ಕಾಲು ಹಿಡಿದ. ಆತ ಗಣಿತ ಓದಿದವನು. ಆತನೂ ಮೂರು ದಿನ ಗೂಟ ಬದಲಿಸಿ ನೋಡಿ, "ಹಗ್ಗ ಬಿಗಿಯಾಗಿ ಹಿಡಿಯಲು ಬರದ ದಂಡಪಿಂಡ ನೀನು" ಎಂದು ಬೈದು ಹೊರಟುಹೋದ. ರೈತ ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ.

ನೇಮಣ್ಣ ಎದ್ದು ನಿಂತುಬಿಟ್ಟ.

"ಎಂಥ ಅವಿವೇಕಿ ಆ ಭೂಮಾಪಕ! ಹಗ್ಗ ನಲವತ್ತಾದರೆ ಉದ್ದ ಅಗಲ ಕೂಡಿ ಇಪ್ಪತ್ತು. ಇಪ್ಪತ್ತರ ಅರ್ಧ ಹತ್ತು, ಹತ್ತರ ವರ್ಗ ನೂರು. ಕೇಳಿದ್ದು ನೂರಕ್ಕಿಂತ ಕಡಿಮೆಯಾದರೆ ಎರಡು ಬೇರೆ ಮೂಲಗಳು. ನೂರೇ ಆದರೆ ಎರಡೂ ಒಂದೇ. ನೂರನ್ನು ದಾಟಿದರೆ ಮೂಲವೇ ಇಲ್ಲ. ಗೂಟ ಮುಟ್ಟುವ ಮೊದಲೇ ಇದನ್ನು ಆ ಜಮೀನುದಾರನ ಮುಖಕ್ಕೆ ಹೇಳಬಹುದಿತ್ತು! ಅಂಥ ಭೂಮಾಪಕನಿಗೆ ಪಾಠ ಹೇಳಿದ ಗುರು ಯಾರು?"

"ನಾನೇ," ಎಂದರು ಗುರುಗಳು, "ಅವನಿಗೆ ಈ ಲೆಕ್ಕ ಕೊಡದೆ ಕಳಿಸಿಬಿಟ್ಟಿದ್ದೆ."