ಹಿಂದಕ್ಕೆ ಸರಿದ ಕೈ

ಹೊಳೆಯ ಆಚೆ ದಡದಲ್ಲಿ ಮಠ. ಈಚೆ ದಡದಲ್ಲಿ ಒಂದು ದೊಡ್ಡ ಗುಂಡುಕಲ್ಲು, ಅದರ ನೆರಳಿನಲ್ಲಿ ಒಂದು ಗುಡಿಸಲು. ಗುಡಿಸಲಿನಲ್ಲಿದ್ದ ಮುದುಕನನ್ನು ಜನ ಗುಂಡಿನ ತಾತ ಎಂದು ಕರೆಯುತ್ತಿದ್ದರು. ಅವನ ಕುಲ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ತಾತ "ಮರತೀನಿ" ಎನ್ನುತ್ತಿದ್ದ.

ಮಠದಲ್ಲಿ ಬಿಂದುಮಾಧವ ಎಂಬ ವಿದ್ಯಾರ್ಥಿಯಿದ್ದ. ಶಾಸ್ತ್ರ ಓದಿಕೊಂಡವನು, ಮಡಿಯಲ್ಲಿ ಬಲು ಕಟ್ಟುನಿಟ್ಟು. ಒಣಹಾಕಿದ ಪಂಚೆಯ ಮೇಲೆ ಕಾಗೆ ಕೂತರೆ ಪಂಚೆಯನ್ನೂ ಒಗೆದು ತಾನೂ ಮುಳುಗು ಹಾಕುತ್ತಿದ್ದ. "ಬಿಂದಣ್ಣನ ನೆರಳಿಗೂ ದಿನಾ ಸ್ನಾನ" ಎಂದು ಜೊತೆಯವರೇ ನಗುತ್ತಿದ್ದರು.

ಅಂಥವನಿಗೆ ತಾತನ ತತ್ವದ ಮಾತು ಕೇಳುವ ಹುಚ್ಚು ಹಿಡಿಯಿತು. ಒಂದು ದಿನ ಬಾಯಿಬಿಟ್ಟು ಕೇಳಿಯೇಬಿಟ್ಟ.

"ನನ್ನ ಶಿಷ್ಯ ಅಂತ ತಗೋರಿ, ತಾತಾ."

"ಹೊಳಿ ಹ್ಯಾಂಗ ದಾಟಿದಿ?"

"ನೀರಾಗ ನಡದು ಬಂದೆ."

"ಹರಿಗೋಲು ಇತ್ತಲ್ಲ?"

ಬಿಂದುಮಾಧವ ತಲೆ ತಗ್ಗಿಸಿದ. ಆಗಿನ ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ನೀರು ಒಳಗೆ ಬರದಂತೆ ಅದಕ್ಕೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರು. ಚರ್ಮದ ಮೇಲೆ ಕಾಲಿಟ್ಟ ಮೇಲೆ ಮಡಿ ಎಲ್ಲಿ ಉಳಿಯಬೇಕು?

"ಹರಿಗೋಲು ಹತ್ತಿ ಬಾ. ಅವತ್ತು ಶಿಷ್ಯ ಅಂತೀನಿ," ಎಂದ ತಾತ.

ಅವನು ಹರಿಗೋಲು ಹತ್ತಲಿಲ್ಲ. ಬರುವುದನ್ನೂ ಬಿಡಲಿಲ್ಲ. ದಿನಾ ಎದೆಮಟ್ಟದ ನೀರಿನಲ್ಲಿ ನಡೆದು ಬಂದು, ಅಂಗಳದ ಆಚೆ ಒದ್ದೆ ಬಟ್ಟೆಯಲ್ಲೇ ನಿಂತು ತಾತನ ಮಾತು ಕೇಳಿ, ಮತ್ತೆ ನೀರಿಗಿಳಿದು ಹೋಗುತ್ತಿದ್ದ.

ಅಂಬಿಗ ಹರಿಗೋಲಿನಿಂದ ಕೂಗುತ್ತಿದ್ದ. "ಒಂದ್ಸಲ ಹತ್ರಿ ಸ್ವಾಮೇರ! ಎಮ್ಮಿ ಸತ್ತು ಭಾಳ ದಿನ ಆತು, ಹಾಯೂದಿಲ್ಲ!"

ಬಿಂದುಮಾಧವ ಕೇಳಿಸದವನ ಹಾಗೆ ಮುಂದೆ ನಡೆಯುತ್ತಿದ್ದ.

ಮಳೆಗಾಲದ ಒಂದು ಬೆಳಿಗ್ಗೆ ಹೊಳೆಗೆ ಕೆಂಪು ನೀರು ಬಂತು. ಅಂದೂ ಅವನು ಇಳಿದ. ಆಮೇಲೆ ಅವನೂ ಕಾಣಲಿಲ್ಲ, ಅಂಬಿಗನೂ ಕಾಣಲಿಲ್ಲ.

*

ಹೊಳೆ ಇಳಿದ ಮೇಲೆ ಒಂದು ದಿನ ಬಿಂದುಮಾಧವ ತಾತನ ಅಂಗಳಕ್ಕೆ ಬಂದು ನಿಂತ. ದೂರದ ಸೇತುವೆ ಸುತ್ತಿ ಬಂದಿದ್ದ. ಹೊಳೆಗಿಳಿಯಲು ಅವನಿಗೆ ಈಗ ಭಯ. ಹಣೆ ಬರಿದಾಗಿತ್ತು.

"ತಾತಾ, ನಾ ಸತ್ತೀನಿ."

"ಹೌದು? ಹಂಗಾರ ದಣಿದಿರಬೇಕು. ನೀರು ಕುಡಿ."

ಹಿಂದೆಂದೂ ಆ ಗುಡಿಸಲಿನ ನೀರು ಮುಟ್ಟದವನು ಚೊಂಬು ಎತ್ತಿ ಗಟಗಟ ಕುಡಿದ. ಕುಡಿದು ಹೇಳಿದ.

"ಮಠದಾಗ ನನ್ನ ಸಂಸ್ಕಾರ ಮಾಡಿ ಮುಗಿಸ್ಯಾರ. ಹೆಣ ಸಿಗಲಿಲ್ಲ ಅಂತ ದರ್ಭೆಯ ಗೊಂಬಿ ಮಾಡಿ ಸುಟ್ಟು, ಪಿಂಡ ಇಟ್ಟು, ತಿಥಿ ಊಟಾನೂ ಉಂಡಾರ. ನಾ ಹೋಗಿ ಬಾಗಿಲಿಗೆ ನಿಂತರ ಒಳಗ ಬಿಡಲಿಲ್ಲ."

"ಶಾಸ್ತ್ರ ಏನಂತೈತಿ?"

"ಪಿಂಡ ತಗೊಂಡವ ತಿರುಗಿ ಬಂದರ ಮತ್ತ ಹುಟ್ಟಬೇಕು. ತುಪ್ಪದಾಗ ಮೀಯಿಸಿ, ಜಾತಕರ್ಮ ಮಾಡಿ, ಹೆಸರಿಟ್ಟು, ಮುಂಜಿವಿ ಮಾಡಿ ಒಳಗ ಕರಕೋತಾರ."

"ಹುಟ್ಟಬೇಕಿತ್ತು, ಮತ್ತ."

"ಒಪ್ಪಿ ಕೂತೆ, ತಾತಾ. ಮೊದಲ ಪ್ರಾಯಶ್ಚಿತ್ತ. ಮಾಡಿದ ಪಾಪ ಏನು ಅಂತ ಬಾಯಿಬಿಟ್ಟು ಹೇಳಬೇಕು. ಚರ್ಮ ಮುಟ್ಟಿದ ದೋಷ, ಅಂಬಿಗನ ಕೈ ಮುಟ್ಟಿದ ದೋಷ, ಹಂಗಂತ ಹೇಳಿಕೊಟ್ರು. ನನ್ನ ಬಾಯಿ ತೆರೀಲಿಲ್ಲ. ಆ ಕೈ ದೋಷ ಅಂದ್ರ... ಎದ್ದು ಬಂದುಬಿಟ್ಟೆ."

ತಾತ ಕಣ್ಣು ಮುಚ್ಚಿದ.

"ಆ ಕೈ ಕತಿ ಹೇಳು."

"ನಡುಹೊಳ್ಯಾಗ ಕಾಲು ಜಾರಿತು. ಮುಳುಗಿದೆ, ಎದ್ದೆ, ಮತ್ತ ಮುಳುಗಿದೆ. ಸಣ್ಣಾಂವ ಇದ್ದಾಗಿಂದ ಹೇಳಿದ ಮಂತ್ರ ಒಂದೂ ನೆನಪಾಗಲಿಲ್ಲ. ದೇವರ ಹೆಸರು ಸುದ್ಧಾ ಬರಲಿಲ್ಲ. ಕತ್ತಲಿ, ಥಂಡಿ, ಅಷ್ಟs. ಇನ್ನೊಮ್ಮೆ ಮ್ಯಾಲೆ ಬಂದಾಗ ಎದುರಿಗೆ ಹರಿಗೋಲಿತ್ತು. ಅಂಬಿಗ ಬಗ್ಗಿ ಕೈ ಚಾಚಿದ್ದ."

"ಹಿಡದಿ?"

"ಹಿಂದಕ್ಕ ತಗೊಂಡೆ. ಬೇಕಂತ ಅಲ್ಲ, ತಾತಾ. ರೂಢಿ. ಮುಟ್ಟೀತು ಅಂತ ಕೈ ತಾನs ಸರೀತು. ಅಷ್ಟರಾಗ ಸೆಳವು ಎಳೀತು. ಅವ ನೀರಿಗೆ ಹಾರಿದ. ನನ್ನ ಎತ್ತಿ ಹರಿಗೋಲಿನಾಗ ಒಗದ. ಅವನಿಗೆ ಹತ್ತಲಿಕ್ಕೆ ಆಗಲಿಲ್ಲ."

ಹರಿಗೋಲು ತೇಲಿಹೋಗಿ ಯಾವುದೋ ಊರಿನ ದಡ ಹತ್ತಿತ್ತು. ಸತ್ತಿದ್ದಾನೆಂದು ಜನ ಅವನ ಮುಖದ ಮೇಲೆ ಬಟ್ಟೆ ಮುಚ್ಚಿದ್ದರು. ಬಟ್ಟೆ ಸಣ್ಣಗೆ ಅಲುಗಿದ್ದನ್ನು ಒಬ್ಬ ಮುದುಕಿ ಕಂಡು ಕೂಗಿಕೊಂಡಳು. ಆ ಊರಿನವರ ಗಂಜಿ ಕುಡಿದು ಅವನು ಬದುಕಿದ.

"ಈಗೇನು ಬೇಕು ನಿನಗ?" ಎಂದ ತಾತ.

"ಮಡಿ ಬಿಟ್ಟೆ, ಮಠ ಬಿಟ್ಟೆ. ದೇವರು ಅದಾನ ಅನ್ನೋದೂ ಹೋತು. ಅದs ಚೊಲೋ ಆತು ಅಂದುಕೊಂಡಿದ್ದೆ. ಆದರ ಇರಲಿಕ್ಕೆ ಆಗವಲ್ದು. ಯಾರಿಗಾರ ಕೈ ಮುಗೀಬೇಕು ಅನಸತದ. ಕೈ ನೋಡಿದ್ರ ಹೇಸಿಗಿ ಬರತದ."

"ಅವನ ಹೆಸರೇನು?"

"ಯಾರದು?"

"ನಿನ್ನ ಎತ್ತಿ ಒಗದವನದು."

ಬಿಂದುಮಾಧವನಿಗೆ ಗೊತ್ತಿರಲಿಲ್ಲ. ದಿನಾ ಕರೆದವನ ಹೆಸರನ್ನು ಅವನು ಒಂದು ದಿನವೂ ಕೇಳಿರಲಿಲ್ಲ.

"ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗೇನು ಅಂತಾರ ಜನ. ನಿನಗ ದಾಟೂಕಿಂತ ಮೊದಲೂ ಇರಲಿಲ್ಲ," ಎಂದ ತಾತ. "ತಿಳ್ಕೊಂಡು ಬಾ."

*

ಅಂಬಿಗರ ಓಣಿ ತಾತನ ಗುಡಿಸಲಿನ ಕೆಳಗೇ ಇತ್ತು. ಹೋದವನು ಬೇಗನೆ ತಿರುಗಿ ಬಂದ.

"ಹುಲಿಗೆಪ್ಪ."

"ಯಾರು ಹೇಳಿದ್ರು?"

"ಓಣಿ ಮಂದಿ."

"ಅವನ ತಾಯಿ ಅದಾಳ. ಗಾಳೆಮ್ಮ."

"ಗೊತ್ತು. ದಿನಾ ರೊಟ್ಟಿ ಕಟಗೊಂಡು ಹೊಳಿ ದಂಡಿಗೆ ಬರತಾಳಂತ. ಮಗ ಎಲ್ಯೋ ದಂಡಿ ಹತ್ಯಾನ, ಬರತಾನ ಅಂತಾಳಂತ. ಪಿಂಡ ಇಡಲಿಕ್ಕೂ ಬಿಟ್ಟಿಲ್ಲಂತ. ಬದುಕಿದವಗ ಪಿಂಡ ಇಟ್ಟಾರ. ಸತ್ತವಗ ಇನ್ನೂ ರೊಟ್ಟಿ ಕಟ್ಟತಾಳ. ಆಕಿ ಮುಂದ ಹ್ಯಾಂಗ ನಿಂದರಲಿ, ತಾತಾ?"

"ನಿಂದರಬ್ಯಾಡ. ಕುಂದ್ರು."

ಬಿಂದುಮಾಧವ ಮರುದಿನ ಹೋಗಿ ಗಾಳೆಮ್ಮನಿಂದ ಸ್ವಲ್ಪ ದೂರದಲ್ಲಿ ಕೂತ. ಓಣಿಯವರು ತೇಲಿಹೋಗಿದ್ದ ಹರಿಗೋಲನ್ನು ಆ ಊರಿನಿಂದ ಬಂಡಿಯಲ್ಲಿ ಹೇರಿಕೊಂಡು ಬಂದು ಮರಳಿನ ಮೇಲೆ ಬೋರಲು ಹಾಕಿದ್ದರು. ಚರ್ಮ ಒಣಗಿ ಬಿರುಸಾಗಿತ್ತು.

ಗಾಳೆಮ್ಮ ಅವನನ್ನು ನೋಡಿದಳು.

"ನೀವs ಅಲ್ಲೇನ್ರಿ, ಮಡಿ ಸ್ವಾಮೇರು?"

"ಹೌದವ್ವಾ."

ಅವಳು ಎದ್ದು ಹೋದಳು. ಬೈಯಲು ಯಾರನ್ನಾದರೂ ಕರೆತರುತ್ತಾಳೆ ಎಂದುಕೊಂಡ. ಅವಳು ಎಣ್ಣೆಯ ಕುಡಿಕೆ ತಂದು ಅವನ ಮುಂದಿಟ್ಟಳು.

"ಎಣ್ಣಿ ತಿಕ್ಕದಿದ್ರ ಚರ್ಮ ಸೀಳತೈತಿ. ನನ್ನ ಮಗ ಬಂದು ನೋಡಿದ್ರ ಬೈತಾನ. ನನ್ನ ಕೈಯಾಗ ಕಸುವಿಲ್ಲ."

ಬಿಂದುಮಾಧವ ಅಂಗೈಗೆ ಎಣ್ಣೆ ಸುರಿದುಕೊಂಡ. ಚರ್ಮದ ಮೇಲೆ ಕೈಯಿಟ್ಟ. ಅಲ್ಲಲ್ಲಿ ಇನ್ನೂ ಕೂದಲಿತ್ತು. ಕೈ ಹಿಂದೆ ಬರಲು ನೋಡಿತು. ಅವನು ಬಿಡಲಿಲ್ಲ.

ಅಂದಿನಿಂದ ದಿನಾ ಬಂದು ತಿಕ್ಕಿದ. ಸಂಜೆ ತಾತನ ಗುಡಿಸಲಿಗೆ ಹೋದರೆ ಮೈಯೆಲ್ಲ ಎಮ್ಮೆ ಚರ್ಮದ ವಾಸನೆ. ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ.

*

ಚರ್ಮ ಮೆತ್ತಗಾದ ದಿನ ಗಾಳೆಮ್ಮ ಹೇಳಿದಳು, "ನಡುಹೊಳಿಗೆ ಕರಕೊಂಡು ಹೋಗ್ರಿ. ಅವ ಹಾರಿದ ಜಾಗ ನೋಡಬೇಕು."

"ನನಗ ಹುಟ್ಟು ಹಾಕಲಿಕ್ಕೆ ಬರೂದಿಲ್ಲವ್ವಾ. ನೀರಿಗೂ ಅಂಜತೀನಿ."

"ನನಗೂ ಅಂಜಿಕಿ ಐತಿ. ನಡೀರಿ."

ಹರಿಗೋಲು ನೇರ ಹೋಗಲಿಲ್ಲ. ಬಿಂದುಮಾಧವ ಹುಟ್ಟು ಹಾಕಿದಂತೆಲ್ಲ ಅದು ಗಿರಗಿರ ತಿರುಗಿತು. ಅಂತೂ ನಡುಹೊಳೆಗೆ ಬಂದರು. ನೀರು ಅಂದು ತಿಳಿಯಾಗಿತ್ತು.

"ಇಲ್ಲೇ, ಅವ್ವಾ."

ಗಾಳೆಮ್ಮ ರೊಟ್ಟಿಯ ಗಂಟನ್ನು ಮಡಿಲಲ್ಲಿ ಅವಚಿಕೊಂಡು ನೀರನ್ನೇ ನೋಡಿದಳು.

"ಕಡೀಕ ಏನಂದ ನನ್ನ ಮಗ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳ ಎದೆಗೆ ಸ್ವಲ್ಪ ತಂಪಾಗುತ್ತಿತ್ತೋ ಏನೋ. ಅವನು ಹುಟ್ಟು ಕೆಳಗಿಟ್ಟ.

"'ಕೈ ಹಿಡೀರಿ ಸ್ವಾಮೇರ, ಮಡಿ ಆಮ್ಯಾಲೆ ನೋಡಾಣು' ಅಂದ."

ಅವಳ ತುಟಿಯ ಮೇಲೆ ಒಂದು ನಗೆ ಬಂದು ಹೋಯಿತು. ಅದು ಅವಳ ಮಗನ ಮಾತೇ.

"ಹಿಡದ್ರಿ?"

"ಇಲ್ಲ, ಅವ್ವಾ. ಹಿಂದಕ್ಕ ತಗೊಂಡೆ. ಹಿಡದಿದ್ರ ಅವ ನೀರಿಗೆ ಹಾರತಿದ್ದಿಲ್ಲ."

ಹರಿಗೋಲು ತನ್ನಷ್ಟಕ್ಕೆ ಒಂದು ಸುತ್ತು ತಿರುಗಿತು.

"ಯಾವ ಕೈ?"

ಅವನು ಬಲಗೈ ಚಾಚಿದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದಳು. ಕಸುವಿಲ್ಲ ಎಂದವಳ ಕೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ, ಬೆರಳು ಮುರಿಯುತ್ತವೆ ಎನಿಸಿತು. ಅವನು ಕೈ ಎಳೆದುಕೊಳ್ಳಲಿಲ್ಲ.

ಆಮೇಲೆ ಅವಳು ಕೈ ಬಿಟ್ಟಳು. ಬಿಟ್ಟು, ಹರಿಗೋಲಿನ ಅಂಚಿಗೆ ತಲೆಯಿಟ್ಟು ದೊಡ್ಡ ದನಿ ತೆಗೆದು ಅತ್ತಳು. ಮಗ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಬಿಂದುಮಾಧವನಿಗೆ ತಡೆಯಲಾಗಲಿಲ್ಲ. "ಅವ ನನ್ನ ಪಾಲಿಗೆ ದೇವರು, ಅವ್ವಾ," ಎಂದ.

ಅವಳು ಮುಖ ಎತ್ತಿದಳು. ಅಲ್ಲಿಯತನಕ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಏಕವಚನಕ್ಕೆ ಇಳಿದಳು.

"ಸುಮ್ಮನಿರು. ದೇವರಾಗಿದ್ರ ಮುಳುಗತಿದ್ದಿಲ್ಲ. ನನ್ನ ಮಗ ಅವ. ರೊಟ್ಟಿ ಆರಿದ್ರ ಸಿಟ್ಟಿಗೇಳತಿದ್ದ. ಅವನ್ನ ದೇವರು ಮಾಡಿ ನೀ ಹಗುರಾಗಬ್ಯಾಡ."

ಅವಳ ಮಾತು ಸರಿಯಾಗಿತ್ತು.

ಗಾಳೆಮ್ಮ ಗಂಟು ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಲೆ, ಒಂದು ಉಳ್ಳಾಗಡ್ಡಿ. ಒಂದೊಂದಾಗಿ ನೀರಿಗೆ ಬಿಟ್ಟಳು. ಮೀನುಗಳು ಬಂದು ರೊಟ್ಟಿಯ ಅಂಚು ಕಚ್ಚಿದವು.

"ಗಂಗವ್ವಾ, ನನ್ನ ಕೂಸು ನಿನ್ನ ಉಡ್ಯಾಗ ಐತಿ. ಹಸಿವು ತಡಿಯೂದಿಲ್ಲ ಅವ. ನೋಡ್ಕೋ ತಾಯಿ." ಹೀಗೆಂದು ಅವಳು ಕೈ ಮುಗಿದಳು.

ಬಿಂದುಮಾಧವ ದಿಗಿಲುಬಿದ್ದು ಕೇಳಿದ, "ಮಗನ್ನ ನುಂಗಿದ ಹೊಳಿಗೆ ಹ್ಯಾಂಗ ಕೈ ಮುಗೀತಿ, ಅವ್ವಾ?"

"ಮತ್ತ ಯಾರಿಗೆ ಹೇಳ್ಲಿ?"

ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಎಣ್ಣೆಯ ಜಿಡ್ಡು. ಅವಳ ಬೆರಳಿನ ಗುರುತು ಇನ್ನೂ ಕೆಂಪಗಿತ್ತು. ಆ ಎರಡು ಕೈಗಳನ್ನು ಜೋಡಿಸಿದ. ಮಂತ್ರ ಬರಲಿಲ್ಲ. "ಹುಲಿಗೆಪ್ಪ ಕೈ ಚಾಚಿದ್ದ. ನಾ ಹಿಡೀಲಿಲ್ಲ," ಎಂದು ಹೊಳೆಗೆ ಹೇಳಿದ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎನಿಸಿತು. ಮಠದಲ್ಲಿ ಅಷ್ಟು ವರ್ಷ ಪೂಜೆ ಮಾಡಿದಾಗ ಒಮ್ಮೆಯೂ ಹಾಗೆ ಅನಿಸಿರಲಿಲ್ಲ. ಅವನೂ ಅತ್ತ.

"ಹುಟ್ಟು ಹಾಕು," ಎಂದಳು ಗಾಳೆಮ್ಮ.

*

ದಡದಲ್ಲಿ ತಾತ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಹರಿಗೋಲು ಹತ್ತಿ ಬಂದೀನಿ, ತಾತಾ," ಎಂದ ಬಿಂದುಮಾಧವ. ಆ ಮಾತಿನಲ್ಲಿ ಸಂತೋಷವಿರಲಿಲ್ಲ. "ಇವತ್ತು ಕೈ ಮುಗದೆ."

"ಯಾರಿಗೆ?"

"ಗೊತ್ತಿಲ್ಲ. ಕೇಳಿಸ್ಕೊಂಡ್ರು."

ಶಿಷ್ಯ ಎಂದು ಕರೆದಾನೆಂದು ಬಿಂದುಮಾಧವ ಕಾದ. ತಾತನ ಕಣ್ಣು ಮಾತ್ರ ಹರಿಗೋಲಿನ ಒಂದು ಬದಿಯಲ್ಲಿ ಸೆರಗು ಮುಚ್ಚಿಕೊಂಡು ಕೂತಿದ್ದ ಗಾಳೆಮ್ಮನ ಮೇಲಿತ್ತು. ಆ ಕಣ್ಣಲ್ಲಿ ನೀರಿತ್ತು. ಗುಂಡಿನ ತಾತ ಅತ್ತದ್ದನ್ನು ಆ ದಡದಲ್ಲಿ ಯಾರೂ ಕಂಡಿರಲಿಲ್ಲ.

ಮುದುಕ ಮೊಣಕಾಲಿನವರೆಗೆ ನೀರಿಗಿಳಿದ. ಕೈಯನ್ನು ಬಿಂದುಮಾಧವನ ಕಡೆ ಚಾಚಿದ.

"ಕೈ ಹಿಡಿಯಪ್ಪಾ, ಹತ್ತಿಸ್ಕೋ. ಹರಿಗೋಲು ಹತ್ತಿದ್ರs ಶಿಷ್ಯ ಅಂತ ಹಟ ಹಿಡದು ನಿನ್ನ ದಿನಾ ನೀರಾಗ ಬಿಟ್ಟವ ನಾನು. ನಡುಹೊಳ್ಯಾಗ ನಂದೂ ಒಂದು ಮಾತು ಹೇಳೂದೈತಿ."