ಕಪಿಲೆ ಮೆಲುಕು ಹಾಕಿದಾಗ

"ಕೇಳಿರಪ್ಪಾ ಕೇಳಿ! ರಾಜಕುಮಾರಿ ಬೊಮ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ಹುಣ್ಣಿಮೆಯಂದು ತಲೆದಂಡ!" ಕಡಲತೀರದ ಆ ರಾಜ್ಯದಲ್ಲಿ ಹೀಗೆ ಡಂಗುರ ಸಾರಿದರು.

ಮದುವೆ ಅಪ್ಪನ ಹಟ, ತಲೆ ತೆಗೆಯುವುದೂ ಅಪ್ಪನದೇ. ಒಗಟು ಮಾತ್ರ ಬೊಮ್ಮಲೆಯದು. ಒಡ್ಡು ಒಡೆದು ಉಪ್ಪುನೀರು ನುಗ್ಗಿ ಹುಲ್ಲೆಲ್ಲ ಸುಟ್ಟುಹೋಗಿತ್ತು. ಕೊಟ್ಟಿಗೆಯಲ್ಲಿ ದನಗಳು ಏಳಲಾರದೆ ಬಿದ್ದಿದ್ದವು, ಅವಳು ಕೈಯಾರೆ ಸಾಕಿದ ಕಪಿಲೆಯೂ. ಇಂಥ ಹೊತ್ತಿನಲ್ಲಿ ಮದುವೆಯ ಮಾತು ಕೇಳಿದರೇ ಅವಳ ಮೈ ಉರಿಯುತ್ತಿತ್ತು.

"ನೀರೊಳಗೆ ಬೆಳೆಯುವ ಕಾಡು. ಅದರ ಬೇರು ಬಂಡೆಯನ್ನು ಹಿಡಿಯುತ್ತದೆ, ನೀರು ಕುಡಿಯುವುದಿಲ್ಲ. ಕುಡಿಯುವುದು ಮೈಯೆಲ್ಲ. ಏನದು?"

"ನಿಮ್ಮ ಮುಂಗುರುಳು," ಎಂದ ಮೊದಲ ರಾಜಕುಮಾರ. ಸೆರೆಮನೆಗೆ ಎಳೆದೊಯ್ದರು. ಎರಡನೆಯವನು ತಾವರೆ ಎಂದ. ಪಂಡಿತನೊಬ್ಬ ಸಂಸಾರಸಾಗರವೆಂದು ಮಧ್ಯಾಹ್ನದವರೆಗೂ ಕೊರೆದ. ಬೊಮ್ಮಲೆ ಹಣೆ ಚಚ್ಚಿಕೊಂಡಳು. ಕಡಲು ಕಿಟಕಿಯಾಚೆಗೇ ಇದೆ, ಒಬ್ಬನಾದರೂ ಅತ್ತ ತಿರುಗಬಾರದೆ? ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಗಿತ್ತು ಅವಳ ಪಾಡು.

ಕೊನೆಗೆ ಬಂದವನು ಆಡು ಕಾಯುವ ದುಗ್ಗ. "ಕಡಲಪಾಚಿ ಅಲ್ವಾ, ಅಮ್ಮಾ?" ಎಂದ.

ಅವಳು ನೆಟ್ಟಗೆ ಕೂತಳು. "ಒಮ್ಮೆ ಉಂಡು ಎರಡು ಸಲ ಅಗಿಯುವವರು. ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಅಡುಗೆಯವರ ದಂಡು. ಯಾರವರು?"

"ಮೆಲುಕು ಹಾಕೋ ಜಾತಿ. ದನ, ಎಮ್ಮೆ, ನನ್ನ ಆಡು."

ಮೂರನೆಯದಕ್ಕೆ ಅವಳು ಪೀಠದಿಂದ ಇಳಿದು ಬಂದಳು. "ಇವರಿಗೆ ಆ ಪಾಚಿ ಬಡಿಸಿದೆ, ಕೆಲವರು ಭೇದಿಯಾಗಿ ಸತ್ತರು. ಬಡಿಸದಿದ್ದರೆ ಉಳಿದವರು ಹಸಿದು ಸಾಯುತ್ತಾರೆ. ಉಳಿಸುವುದು ಹೇಗೆ?"

"ಬುಟ್ಟಿಗಟ್ಲೆ ಹಾಕಿರ್ತೀರಿ. ಸಿಹಿನೀರಲ್ಲಿ ತೊಳೀಬೇಕು, ಮರಳ ಮೇಲೆ ಒಣಗಿಸ್ಬೇಕು. ಕೊಟ್ಟಿಗೆ ಮಾಡಿಗೆ ಹೊದಿಸಿದ ಹುಲ್ಲು ಇಳಿಸಿ ಅದಕ್ಕೆ ಒಂದು ಹಿಡಿ ಬೆರೆಸ್ಬೇಕು. ನನ್ನ ಆಡುಗಳೂ ಕಡಲ ಇಳಿತದಲ್ಲಿ ಪಾಚಿ ಚೂರು ಕಚ್ಚಿ ಮತ್ತೆ ಗುಡ್ಡದ ಸೊಪ್ಪಿಗೇ ಬರ್ತವೆ. ಒಳಗಿನ ಅಡುಗೆಯವ್ರು ಹೊಸ ಅಡುಗೆ ಕಲೀಬೇಕಲ್ಲ?"

"ಸರಿಯೋ ತಪ್ಪೋ?" ಅರಸ ಮಗಳನ್ನು ಕೇಳಿದ.

"ನನಗೂ ಗೊತ್ತಿಲ್ಲ, ಅಪ್ಪಾಜಿ. ಗೊತ್ತಿದ್ದರೆ ಕೇಳುತ್ತಿದ್ದೆನೇ? ಕಪಿಲೆ ಹೇಳಲಿ."

ಹಾಗಾಗಿ ಹುಣ್ಣಿಮೆಯವರೆಗೆ ದುಗ್ಗನ ತಲೆ ಆ ಹಸುವಿನ ಬಾಯಲ್ಲಿತ್ತು. ಅವನು ತೊಳೆದ, ಒಣಗಿಸಿದ, ಹಿಡಿಹಿಡಿಯಾಗಿ ಬೆರೆಸಿ ಕೊಟ್ಟ. ಕಪಿಲೆ ಮೊದಮೊದಲು ಮೂಸಿ ಮುಖ ತಿರುಗಿಸಿತು, ಆಮೇಲೆ ನೆಕ್ಕಿತು, ತಿಂದಿತು. ಹುಣ್ಣಿಮೆಯ ಬೆಳಿಗ್ಗೆ ಎದ್ದು ನಿಂತು ನಿಧಾನವಾಗಿ ಮೆಲುಕು ಹಾಕಿತು. ಬೊಮ್ಮಲೆ ಅದರ ಕೊರಳು ತಬ್ಬಿ ಅತ್ತಳು. ಆಮೇಲೆ ತಾನಾಗಿಯೇ ದುಗ್ಗನಿಗೆ ಹಾರ ಹಾಕಿದಳು.

"ಅರ್ಧ ರಾಜ್ಯ ನಿನ್ನದು. ಇನ್ನೇನು ಬೇಕು?" ಎಂದ ಅರಸ.

"ಸೆರೆಯಲ್ಲಿರೋ ತಲೆಗಳನ್ನ ಕೊಡಿ ಒಡೆಯಾ, ಕೈಕಾಲು ಸಮೇತ. ಪಾಚಿ ಕೆಲಸಕ್ಕೆ ಜನ ಸಾಲ್ದು."

ಮುಂಗುರುಳೆಂದವನು ಈಗ ಮೊಣಕಾಲುದ್ದ ನೀರಲ್ಲಿ ನಿಂತು ಪಾಚಿ ಕೊಯ್ಯುತ್ತಾನೆ. ಬುಡ ಬಿಟ್ಟು ಕೊಯ್ದರೆ ತಾನೇ ಮತ್ತೆ ಚಿಗುರುವುದು? ಅವನು ಬುಡಸಮೇತ ಕೀಳುತ್ತಾನೆ, ಬೊಮ್ಮಲೆ ದಡದಲ್ಲಿ ನಿಂತು ಇವತ್ತಿಗೂ ಬೈಯುತ್ತಾಳೆ.